ತಪ್ಪು ಒಪ್ಪು

ಪುಸ್ತಕ ಅಚ್ಚಾಗಿ ಬಂದ ಮೇಲೆ ಕಣ್ಣಿಗೆ ಬಿದ್ದವು ಇವು.
ಹುಬ್ಬಳ್ಳಿಯ ಮುದ್ರಕರು ಫೋನಿನಲ್ಲಿ ನಕ್ಕು
'ಒಂದು ಚೀಟಿ ಹೊಡೆಸಿ ಅಂಟಿಸಿಬಿಡಿ ಸರ್' ಎಂದರು.
ನಲವತ್ತೈದು ವರ್ಷದ ಸಿನಿಮಾ ಅಂಕಣ, ಮುನ್ನೂರು ಪ್ರತಿ,
ಕಾಜುಬಾಗದ ಈ ಕೋಣೆಯಲ್ಲಿ
ಮಂಚದ ಕೆಳಗೆ, ಮಂಚದ ಮೇಲೆ, ಹೊಲಿಗೆ ಯಂತ್ರದ ಮೇಲೆ.
ಮೈದಾ ಗಂಜಿ ಕಾಸಿಟ್ಟಿದ್ದೇನೆ, ಚಿಟಿಕೆ ಮೈಲುತುತ್ತು ಬೆರೆಸಿ:
ಪೋಸ್ಟರು ಅಂಟಿಸುತ್ತಿದ್ದ ಗಣಬಾ ಕಲಿಸಿದ ಹದ.

ಪುಟ ಹದಿನೇಳು, ಸಾಲು ನಾಲ್ಕು.
'ಉತ್ತರಾರ್ಧದಲ್ಲಿ ನಿರ್ದೇಶಕರು ದಾರಿ ತಪ್ಪಿದ್ದಾರೆ'
ಎಂದಿರುವಲ್ಲಿ
'ಅಂದು ಕಾಳಿಯಲ್ಲಿ ಇಳಿತವಿತ್ತು' ಎಂದು ಓದಿಕೊಳ್ಳುವುದು.
ಆಗ ಸೇತುವೆ ಇರಲಿಲ್ಲ. ಪ್ರಿಂಟು ಒಂದೇ, ಟಾಕೀಸು ಎರಡು,
ಆಚೆ ದಡದಲ್ಲಿ ಸದಾಶಿವಗಡ, ಈಚೆ ದಡದಲ್ಲಿ ನಾವು.
ಅಲ್ಲಿ ಓಡಿ ಮುಗಿದ ರೀಲು ತಗಡಿನ ಡಬ್ಬದಲ್ಲಿ
ತಾರಿ ದಾಟಿ ಬರಬೇಕು
ಕೋಳಿ, ಕಲ್ಲಂಗಡಿ, ಒಮ್ಮೊಮ್ಮೆ ಮದುಮಗಳ ಜೊತೆ.
ಎಂಟನೆಯ ರೀಲಿನ ದೋಣಿ ಮರಳ ದಿಬ್ಬಕ್ಕೆ ಸಿಕ್ಕಿತು.
ಒಂಬತ್ತನೆಯದು ಯಾರದೋ ಪಾತಿಯಲ್ಲಿ ಮೊದಲೇ ತಲುಪಿತು.
ಪ್ರೊಜೆಕ್ಟರಿನ ಇನಾಸ ಬೀಡಿ ಮುಗಿಯುವ ತನಕ ಕಾದ,
ಆಮೇಲೆ ಇದ್ದದ್ದನ್ನು ಹಾಕಿದ.
ಗೋಡೆಯ ಫೋಟೋದಲ್ಲಿ ಹಾರ ಹಾಕಿಸಿಕೊಂಡಿದ್ದ ಅಣ್ಣ
ಕಾಲು ಗಂಟೆಯ ಮೇಲೆ ಅಂಗಳದಲ್ಲಿ ಕೂತು ಕ್ಷೌರ ಮಾಡಿಸಿಕೊಂಡ.
ಬೆಂಚಿನವರು ಶಿಳ್ಳೆ ಹೊಡೆದರು.
ನಾನು ಮೂಗು ಮುರಿದು ಬರೆದೆ, ಕವರಿಗೆ ಹಾಕಿ
ರಾತ್ರಿಯ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ ಕೈಗಿಟ್ಟೆ.
ಆ ನಿರ್ದೇಶಕರು ಮತ್ತೆ ಚಿತ್ರ ಮಾಡಲಿಲ್ಲ.
ನನ್ನಿಂದಲ್ಲ ಎಂದುಕೊಂಡಿದ್ದೇನೆ.

ಪುಟ ಮೂವತ್ತೆರಡು. 'ಕಿಕ್ಕಿರಿದ ಪ್ರೇಕ್ಷಕರು' ಅಲ್ಲ, ಹನ್ನೊಂದು ಜನ.
ಪತ್ರಿಕೆಗೆ ಜಾಹೀರಾತು ಕೊಡುತ್ತಿದ್ದವರು ಟಾಕೀಸಿನ ರೇವಣಕರರು.
ಇದಕ್ಕಿಂತ ಹೆಚ್ಚು ಹೇಳಲು ಚೀಟಿಯಲ್ಲಿ ಜಾಗವಿಲ್ಲ.

ಪುಟ ನಲವತ್ತೊಂದು, ಖಳನಟರ ಸಂದರ್ಶನ.
ನಾನು ಕೇಳಿದ್ದು ಏಳು ಪ್ರಶ್ನೆ. ಅವರು ಆಡಿದ್ದು ಒಂದು ಮಾತು:
'ಇಲ್ಲಿ ಸಿಗಡಿ ಎಲ್ಲಿ ಚೆನ್ನಾಗಿ ಮಾಡ್ತಾರೆ?'
ಮಿಕ್ಕ ಉತ್ತರಗಳು ನನ್ನವು.
ಓದಿ ಕಾರ್ಡು ಬರೆದರು, ಪುಣ್ಯಾತ್ಮ:
'ನಾನು ಇಷ್ಟು ಚೆನ್ನಾಗಿ ಮಾತಾಡಿದ್ದೆನೆ?'

ಪುಟ ಅರವತ್ತಮೂರು, ಇಡೀ ಪುಟ.
ಮಾಜಾಳಿಯ ದಂಡೆಯಲ್ಲಿ ಒಂದು ಹೆಣ್ಣು,
ದೋಣಿಗಳತ್ತ ಮುಖ, ಕಣ್ಣಲ್ಲಿ ನೀರು, ಒಂಬತ್ತು ಸೆಕೆಂಡು.
'ಹೆಸರಿಲ್ಲದ ಈ ಮುಖದ ಮುಂದೆ
ನಾಯಕಿಯ ಮೂರು ತಾಸು ಸಪ್ಪೆ'
ಎಂದು ಮೂರು ಪ್ಯಾರಾ ಬರೆದಿದ್ದೆ, ಇಪ್ಪತ್ತೆಂಟರ ಹುರುಪಿನಲ್ಲಿ.
ಹೆಸರುಂಟು. ಶೇವಂತಿ ಹರಿಕಂತ್ರ.
ಕಳೆದ ವಾರ ಬೈತಖೋಲದಲ್ಲಿ ಸಿಕ್ಕಳು, ಇಸವಾಣ ಕೊಯ್ಯುತ್ತ.
'ಅಳೂದು ಎಲ್ಲಿಂದ ಬಂತು ಮಾರಾಯ?
ಆ ಬೆಳ್ಳಿ ಹಲಗೆ ಹಿಡಿದವ ಇದ್ದನಲ್ಲ,
ಊರ ಬಿಸಿಲೆಲ್ಲ ನನ್ನ ಕಣ್ಣಿಗೇ ಹೊಡೀತಿದ್ದ.
ಹದಿನೈದು ರುಪಾಯಿ ಕೊಟ್ರು. ಉಪ್ಪಿಟ್ಟು ಕೊಟ್ರು.'
ಕತ್ತಿ ನಿಲ್ಲಿಸಿದಳು.
'ನಾ ಹೆಂಗೆ ಕಂಡಿದ್ದೆ ಅದ್ರಲ್ಲಿ?'

ಅವಳು ನೋಡಿಲ್ಲ. ಆ ವಾರ ಬಲೆ ತುಂಬ ಬಂಗಡೆ.
ತೋರಿಸೋಣವೆಂದರೆ ಪ್ರಿಂಟಿಲ್ಲ,
ಬೆಳ್ಳಿ ತೆಗೆಯುವವರು ತೂಕಕ್ಕೆ ಒಯ್ದರಂತೆ.
ಉಳಿದಿರುವುದು ನನ್ನ ಮೂರು ಪ್ಯಾರಾ.
ಚೀಲದಿಂದ ತೆಗೆದು ಓದಿದೆ. ಪಕ್ಕದಲ್ಲಿ ಐಸು ಒಡೆಯುವ ಸದ್ದು,
ದನಿ ಏರಿಸಿ ಓದಿದೆ.
ಅವಳು ಕೈ ತೊಳೆಯಲಿಲ್ಲ, ತಲೆ ಎತ್ತಲಿಲ್ಲ.
ಮುಗಿದ ಮೇಲೆ
'ಹೆಸರು ಬರಿ. ಅಳೂದು ಇರ್ಲಿ' ಎಂದಳು.
'ನೀ ನೋಡಿದ್ಯಲ್ಲ.'

ಆದ್ದರಿಂದ ಪುಟ ಅರವತ್ತಮೂರು:
ಹೆಸರು ಸೇರಿಸಿಕೊಳ್ಳುವುದು. ಉಳಿದಂತೆ ಸರಿಯಿದೆ.

ಪುಟ ನೂರ ಎರಡಕ್ಕೆ ಸಂಖ್ಯೆಯೇ ಬಿದ್ದಿಲ್ಲ. ಎಣಿಸಿಕೊಳ್ಳಿ.
ಗಂಜಿ ಗಟ್ಟಿಯಾಗುತ್ತಿದೆ.